ರೇಡಿಯೋ ತಂತಿಯ ಕೆಳಗಿನ ಬಾಣಂತಿ ಕೋಣೆ

ನನ್ನ ಮೊಮ್ಮಗಳು ಅಂಗಳದ ಕೋಳಿಗಳಿಗೆಲ್ಲ ಒಂದೊಂದು ಹೆಸರಿಟ್ಟಿದ್ದಾಳೆ. ಹುಂಜಕ್ಕೆ ಅವಳ ತಾತನ ಹೆಸರು. ಅದು ಕೂಗಿದಾಗೆಲ್ಲ "ತಾತ ಬೈತಾವ್ನೆ" ಎಂದು ಓಡಿಬಂದು ನನ್ನ ಸೆರಗಿನೊಳಗೆ ಅಡಗುತ್ತಾಳೆ. ಇವತ್ತು ಬೆಳಿಗ್ಗೆ ನನ್ನ ಬಾಯೊಳಗೆ ಬಗ್ಗಿ ನೋಡಿ, "ಅಜ್ಜೀ, ನಿನ್ನ ಹಲ್ಲನ್ನ ಯಾರು ತಿಂದ್ರು?" ಎಂದು ಕೇಳಿದಳು. ನಕ್ಕು ನಕ್ಕು ನನಗೆ ಕೆಮ್ಮು ಹತ್ತಿತು. ಅವಳೇ ಬೆನ್ನು ಗುದ್ದಿದಳು. ಇಂಥದ್ದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ. ಮನೆಯವರಿಗೆ ಹೇಳಿ ಹೇಳಿ ಅವರಿಗೂ ಸಾಕಾಗಿದೆ. "ಲೋಕದಾಗೆ ನಿನಗೊಬ್ಬಳಿಗೇ ಮೊಮ್ಮಗಳು ಹುಟ್ಟಿರೋದು" ಎನ್ನುತ್ತಾರೆ. ಹೌದು, ಹಾಗೆಯೇ ಅನ್ನಿಸುತ್ತದೆ, ಏನು ಮಾಡಲಿ? ಅದಕ್ಕೇ ಬರೆಯಲು ಕುಳಿತೆ. ನಾನು ಓದಿದ್ದು ಎರಡನೇ ಕ್ಲಾಸು. ಒತ್ತಕ್ಷರ ಬಂದಲ್ಲಿ ಎಡವುತ್ತೇನೆ.

ಆದರೆ ಸಂತೋಷವನ್ನು ಬರೆಯೋಣವೆಂದು ಕುಳಿತರೆ ಕೈ ತಾನಾಗಿ ಹೋಗುವುದು ಆ ಬಾಣಂತನದ ಕಡೆಗೆ. ಈ ಹುಡುಗಿ ಹುಟ್ಟಿದ ಮೇಲೆ ನನ್ನ ಮಗಳು ನಿದ್ದೆ ಮಾಡುವುದನ್ನೇ ಬಿಟ್ಟಿದ್ದಳು. ಅವಳ ತಲೆ ನೆಟ್ಟಗೆ ಉಳಿಯುತ್ತದೋ ಇಲ್ಲವೋ ಎಂದು ನಾವು ಹೆದರಿ ಬದುಕಿದ ದಿನಗಳವು.

ನಾವು ಹಾಸನದ ಕಡೆಯವರು. ಮಾವನವರ ಕಾಲದಲ್ಲಿ ಕುಶಾಲನಗರದ ಆಚೆ, ಹಾರಂಗಿ ಹೊಳೆಯ ದಂಡೆಗೆ ಬಂದು ರಾಗಿ, ಭತ್ತ ಬೆಳೆದುಕೊಂಡು ನಿಂತೆವು. ಕೊಡಗನ್ನು ಮೈಸೂರಿಗೆ ಸೇರಿಸುತ್ತಾರೆಂಬ ಮಾತು ಈಗೀಗ ಕೇಳುತ್ತಿದೆ. ಆಗ ಕೊಡಗೇ ಒಂದು ರಾಜ್ಯವಾಗಿ ಇನ್ನೂ ಹೊಸತು. ಮಡಿಕೇರಿಯ ಸರ್ಕಾರದವರು ನಮ್ಮೂರ ಚಾವಡಿಗೆ ಒಂದು ರೇಡಿಯೋ ಕೊಟ್ಟರು. ಮರದ ಪೆಟ್ಟಿಗೆ, ಅದರ ಪಕ್ಕದಲ್ಲಿ ಇಟ್ಟಿಗೆಯಷ್ಟು ಭಾರದ ಬ್ಯಾಟರಿ. ಅದು ಮಾತಾಡಬೇಕಾದರೆ ಮೇಲೆ ಎತ್ತರದಲ್ಲಿ ಉದ್ದನೆಯ ತಾಮ್ರದ ತಂತಿ ಕಟ್ಟಬೇಕಂತೆ. ಒಂದು ತುದಿಯನ್ನು ಚಾವಡಿಯ ಬಿದಿರು ಗಳಕ್ಕೆ ಕಟ್ಟಿದರು. ಇನ್ನೊಂದು ತುದಿಗೆ ಮರ ಬೇಕಾಯಿತು. ನಮ್ಮ ಮನೆಯವರು ಮುಂದೆ ಹೋಗಿ, "ನಮ್ಮ ಹಿತ್ತಲ ಹಲಸಿನ ಮರ ಐತಲ್ಲ, ಅದಕ್ಕಿಂತ ಎತ್ತರದ್ದು ಈ ಊರಲ್ಲಿ ಎಲ್ಲೈತೆ" ಎಂದರು. ಹೀಗೆ ತಂತಿ ನಮ್ಮ ಹೆಂಚಿನ ಮೇಲಿಂದಲೇ ಹಾದುಹೋಯಿತು. ಅವತ್ತಿನಿಂದ ಅವರ ನಡಿಗೆಯೇ ಬದಲಾಯಿತು. ಸಂತೆಗೆ ಹೋದರೂ ಅದೇ ಮಾತು: "ಡೆಲ್ಲಿಯೋರು ಆಡಿದ ಮಾತು ಮೊದ್ಲು ಬಂದು ನಮ್ಮ ಹಲಸಿನ ಮರದ ಮೇಲೆ ಇಳೀತದೆ, ಆಮೇಲೆ ಊರಿಗೆ."

ಅದೇ ಹೊತ್ತಿಗೆ ಮಗಳು ಹೆರಿಗೆಗೆ ತವರಿಗೆ ಬಂದಳು. ಅಳಿಯ ಬಾಳೆಲೆಯ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಹೆಣ್ಣು ಮಗು ಹುಟ್ಟಿತು. ಸುಖವಾಗಿ ಹುಟ್ಟಿತು, ಗುಂಡುಗುಂಡಾಗಿತ್ತು, ಹುಟ್ಟಿದ ಕ್ಷಣವೇ ನನ್ನ ಹೆಬ್ಬೆರಳು ಹಿಡಿದುಕೊಂಡಿತು. ಬಾಣಂತನಕ್ಕೆ ನನ್ನ ಅತ್ತಿಗೆ ಬಂದರು, ಮನೆಯವರ ಅಕ್ಕ. ಊರಲ್ಲಿ ಅರ್ಧದಷ್ಟು ಮಕ್ಕಳಿಗೆ ಎಣ್ಣೆ ತಿಕ್ಕಿ ನೀರು ಹಾಕಿದ ಕೈ ಅವರದು. ಗಂಡನನ್ನು ಚಿಕ್ಕ ವಯಸ್ಸಿಗೇ ಕಳೆದುಕೊಂಡವರು. ಮಾತು ಒರಟು. ಅವರೆದುರು ನಾನು ಮದುವೆಯಾಗಿ ಬಂದಾಗಿನಿಂದ ಒಂದು ಎದುರು ಮಾತಾಡಿದವಳಲ್ಲ.

ನಾಮಕರಣವಾದ ಮರುದಿನ ಸುಬೇದಾರರು ಮಗು ನೋಡಲು ಬಂದರು. ಹೊಳೆಯ ಆಚೆ ದಡದ ಕೊಡವರು, ಮಿಲಿಟರಿಯಿಂದ ನಿವೃತ್ತರು. ನಮ್ಮ ಮನೆಯವರಿಗೂ ಅವರಿಗೂ ಎತ್ತುಗಳ ವ್ಯಾಪಾರದಿಂದ ಬೆಳೆದ ಸ್ನೇಹ. ಕಿತ್ತಳೆಯ ಬುಟ್ಟಿ ಜಗಲಿಯಲ್ಲಿಟ್ಟು, ಮೀಸೆ ಒರೆಸಿಕೊಂಡು, ತಲೆ ಎತ್ತಿ ತಂತಿ ನೋಡಿದರು.

"ಏನು ಗೌಡ್ರೇ, ವಯರ್‌ಲೆಸ್ ಸ್ಟೇಷನ್ ಹಾಕಿಬಿಟ್ಟಿದ್ದೀರಿ!"

"ಊರಿಗೆ ಒಳ್ಳೇದಾಗ್ಲಿ ಅಂತ," ಎಂದರು ಇವರು, ಬೀಗಿಕೊಂಡು.

"ಯುದ್ಧದಲ್ಲಿ ನನಗೆ ವಯರ್‌ಲೆಸ್ ಟೆಂಟಿನ ಪಕ್ಕಾನೇ ಡ್ಯೂಟಿ. ದೊಡ್ಡ ಮಷೀನು. ಅದರ ಹತ್ರ ಮಲಗಿದ ಹುಡುಗರಿಗೆ ನಿದ್ದೆ ಬರ್ತಿರಲಿಲ್ಲ ಅಂತಿದ್ರು. ತಲೆ ಬಿಸಿ, ಒಳಗಿಂದ ಜುಮ್ ಅಂತದೆ. ಅದರ ಅಲೆ ಇದೆಯಲ್ಲ, ಗೋಡೆ ಗೀಡೆ ಲೆಕ್ಕಕ್ಕಿಲ್ಲ. ಸೀದಾ ಮಂಡೆಗೇ ಹೋಗ್ತದೆ ಅಂತ ಹೇಳಿಕೊಂಡು ನಗ್ತಿದ್ವಿ. ಒಬ್ಬ ಮದರಾಸಿನವನಂತೂ ತಲೆಗೆ ಊಟದ ತಾಟು ಕಟ್ಟಿಕೊಂಡು ಮಲಗ್ತಿದ್ದ!"

ಇಬ್ಬರೂ ಜೋರಾಗಿ ನಕ್ಕರು. ಗೋಡೆಯ ಈಚೆ ಬಾಣಂತಿ ಕೋಣೆಯಲ್ಲಿ ಅತ್ತಿಗೆ ಮಗುವಿನ ನೆತ್ತಿಗೆ ಹರಳೆಣ್ಣೆ ಹಾಕುತ್ತಿದ್ದರು. ನೆತ್ತಿ ಇನ್ನೂ ಕೂಡಿರಲಿಲ್ಲ. ಎಲ್ಲ ಹಸುಗೂಸುಗಳಿಗೂ ಇರುವ ಹಾಗೆ ಅಲ್ಲಿ ಮೂಳೆಯಿಲ್ಲದ ಮೆತ್ತನೆಯ ಜಾಗ, ತೆಳುವಾದ ಚರ್ಮದಡಿಯಲ್ಲಿ ಜೀವ ಪುಟುಪುಟು ಎನ್ನುತ್ತಿತ್ತು. ಮಗಳು ಅದನ್ನೇ ನೋಡುತ್ತಿದ್ದಳು. ಆಮೇಲೆ ಸೂರನ್ನು ನೋಡಿದಳು. ನಾನು ಎರಡನ್ನೂ ಕಂಡೆ. ಅವು ಒಂದಕ್ಕೊಂದು ಸೇರುತ್ತವೆ ಎಂದು ನನಗೆ ಆಗ ಹೊಳೆಯಲಿಲ್ಲ.

ಅಲ್ಲಿಂದ ಶುರುವಾಯಿತು. ರಾತ್ರಿ ಯಾವಾಗ ಎದ್ದು ನೋಡಿದರೂ ಅವಳ ಕಣ್ಣು ತೆರೆದೇ ಇರುತ್ತಿತ್ತು. ಮಗು ಅಳುತ್ತದೆಂದು ಅಲ್ಲ. ಆ ಮಗುವಿನಷ್ಟು ಚೆನ್ನಾಗಿ ನಿದ್ದೆ ಮಾಡುವ ಕೂಸನ್ನು ನಾನು ನೋಡಿಯೇ ಇಲ್ಲ. ತಾಯಿ ಮಾತ್ರ ಅದರ ಪಕ್ಕದಲ್ಲಿ ಒಂದೇ ಮಗ್ಗುಲಲ್ಲಿ ಮಲಗಿ ಕಣ್ಣು ಬಿಟ್ಟುಕೊಂಡಿರುತ್ತಿದ್ದಳು. "ಯಾಕವ್ವ ನಿದ್ದೆ ಬರಲಿಲ್ವಾ?" ಎಂದರೆ, "ಬತ್ತದೆ ಮಲ್ಕೊ" ಎನ್ನುತ್ತಿದ್ದಳು, ನನಗೇ ಸಮಾಧಾನ ಹೇಳುವಂತೆ.

ಹಗಲಲ್ಲಾದರೂ ಒಂದು ಗಳಿಗೆ ಕಣ್ಣು ಮುಚ್ಚಲಿ ಎಂದರೆ ಅತ್ತಿಗೆ ಬಿಡುತ್ತಿರಲಿಲ್ಲ. ಬಾಣಂತಿ ಹಗಲು ಮಲಗಿದರೆ ನಂಜಾಗುತ್ತದೆ ಎಂಬುದು ಅವರ ಕಟ್ಟಳೆ. ಅವರದೊಂದೇ ಏನು, ನಮ್ಮ ಕಡೆ ಎಲ್ಲರದೂ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಬೆನ್ನಿಗೆ ಗೋಡೆ. ಅವಳು ತೂಕಡಿಸಿದರೆ ಅತ್ತಿಗೆ ಮೊಣಕೈಯಿಂದ ತಿವಿಯುತ್ತಿದ್ದರು. "ಏಯ್, ಕುಂತ್ಕೊ ನೆಟ್ಟಗೆ. ನಿದ್ದೆ ರಾತ್ರಿಗೆ ಇಟ್ಕೊ."

ನೆತ್ತಿಯ ವಿಷಯ ಅವಳು ಪದೇಪದೇ ಕೇಳತೊಡಗಿದಳು. "ಅವ್ವ, ನೆತ್ತಿ ಯಾವಾಗ ಕೂಡ್ತದೆ?" ವರ್ಷ ದಾಟಬೇಕು ಎಂದೆ. "ವರ್ಷ!" ಎಂದವಳ ಮುಖ ಬಿಳಿಚಿಕೊಂಡಿತು. ಇನ್ನೊಂದು ದಿನ ಮೂಲೆಯಲ್ಲಿ ಸುತ್ತಿಟ್ಟ ಚಾಪೆಯನ್ನು ನೋಡಿ, "ಅವರ್ಯಾರು ನಿಂತಿರೋದು, ಕೂರೋಕೆ ಹೇಳು" ಎಂದಳು. ಉಂಡ ತಟ್ಟೆ ಎದುರಿಗಿರುವಾಗಲೇ ಊಟ ಯಾವಾಗ ಎಂದು ಕೇಳಿದಳು. ಚಾವಡಿಯ ಪೆಟ್ಟಿಗೆ ನಿಲ್ಲಿಸಿ ಎಲ್ಲರೂ ಮನೆಗೆ ಹೋದ ಮೇಲೂ ಅದು ಹಾಡುತ್ತಿದೆ ಎನ್ನುತ್ತಿದ್ದಳು. ಹಾಲು ಕಡಿಮೆಯಾಯಿತು. ಅಳಿಯ ನೋಡಲು ಬಂದವನು ಹೊರಡುವಾಗ ಜಗಲಿಯಲ್ಲಿ ಚಪ್ಪಲಿ ಮೆಟ್ಟಿಕೊಳ್ಳದೆ ನಿಂತೇ ಇದ್ದ. "ಅತ್ತೆ, ನಾನು ಬಂದಾಗಿನಿಂದ ಅವಳು ನನ್ನ ಮುಖ ಒಂದ್ಸಲಾನೂ ನೋಡ್ಲಿಲ್ಲ," ಎಂದ. ಬಾಣಂತನದಲ್ಲಿ ಬುದ್ಧಿ ಕೆಟ್ಟು, ಮತ್ತೆ ಗಂಡನ ಮನೆಗೆ ಹೋಗದೇ ಉಳಿದ ಹೆಂಗಸರ ಕಥೆ ಯಾವ ಊರಲ್ಲಿಲ್ಲ? ಅವನು ಅದನ್ನು ಬಾಯಿಬಿಟ್ಟು ಕೇಳಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೊರಟ.

ಮಾಡಬೇಕಾದ್ದನ್ನೆಲ್ಲ ಮಾಡಿದೆವು. ಜಾಯಿಕಾಯಿ ತೇದು ಹಾಲಿನಲ್ಲಿ ಕೊಟ್ಟೆವು. ದೃಷ್ಟಿ ತೆಗೆದೆವು. ದೇವಸ್ಥಾನದಿಂದ ದಾರ ತಂದು ಕಟ್ಟಿದೆವು. ಮಂಚವನ್ನು ಒಲೆಯ ಪಕ್ಕಕ್ಕೆ, ಅಲ್ಲಿಂದ ರಾಗಿ ಮೂಟೆಗಳ ಕೋಣೆಗೆ ಹೊತ್ತೆವು, ಮತ್ತೆ ಇದ್ದಲ್ಲಿಗೇ ತಂದೆವು. ಕೊನೆಗೆ ಒಂದು ದಿನ ಅವಳೇ ಹೇಳಿದಳು, ತಗ್ಗಿದ ದನಿಯಲ್ಲಿ: "ಅಪ್ಪಂಗೆ ಹೇಳಿ ಆ ತಂತಿ ಬಿಚ್ಚಿಸವ್ವ. ಸುಬೇದಾರ್ರು ಹೇಳಿದ್ರಲ್ಲ."

ನಾನು ಹೇಳಿದೆ. ಇವರು ಉರಿದುಬಿದ್ದರು.

"ಸರ್ಕಾರದ ತಂತಿ ಅದು! ಊರೋರು ಏನಂದಾರು? ಮರ ನಂದು ಅಂತ ನಾನೇ ಕೊಟ್ಟು, ನಾನೇ ಕಿತ್ಕೊಳ್ಳೋದಾ?"

"ಊರಿಗೆ ಹಾಡು ಕೇಳಿಸ್ಬೇಕು. ನಿಮ್ಮ ಮಗಳು ಗೋಡೆ ಜೊತೆ ಮಾತಾಡ್ತಾವ್ಳೆ, ಅದು ಕೇಳಿಸ್ತಾ ಐತಾ?"

ಅವರು ಬೀಡಿ ಹಚ್ಚಿ ಸೇದಿ ಮುಗಿಸಿದರು. ಆಮೇಲೆ ಕತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಆ ವಯಸ್ಸಿನಲ್ಲಿ, ತಾವೇ ಮರ ಹತ್ತಿದರು. ತಂತಿಯನ್ನು ಸುರುಳಿ ಸುತ್ತಿ ಚಾವಡಿಯಲ್ಲಿಟ್ಟು ಬಂದರು. ಸಂಜೆ ಪೆಟ್ಟಿಗೆ ಬರೀ ಕರಕರ ಎಂದಿತು. ಊರಿನ ಕೆಲವರು ಅವರ ಜೊತೆ ಮಾತು ಬಿಟ್ಟರು. ಸಂತೆಯಲ್ಲಿ ಒಬ್ಬ, "ಏನು ಗೌಡ, ಡೆಲ್ಲಿ ಮುನಿಸ್ಕೊಂಡು ಮರದಿಂದ ಇಳಿದು ಹೋಯ್ತಂತೆ?" ಎಂದು ಹಂಗಿಸಿದ. ಇವರು ತಲೆ ತಗ್ಗಿಸಿಕೊಂಡು ಬಂದರು. ಎಲ್ಲವನ್ನೂ ಸಹಿಸಿಕೊಂಡೆವು, ಮಗಳು ನಿದ್ದೆ ಮಾಡುತ್ತಾಳೆ ಎಂದು.

ಅವಳು ಮಾಡಲಿಲ್ಲ.

ತಿಳಿದವರಿಂದಲೇ ಹೇಳಿಸೋಣವೆಂದು ಸುಬೇದಾರರನ್ನು ಕರೆಸಿದೆವು. ಅವರು ತಾವಾಡಿದ ತಮಾಷೆ ಇಷ್ಟು ದೂರ ಬಂದಿದ್ದನ್ನು ಕೇಳಿ ನೊಂದುಕೊಂಡರು. ಬಾಣಂತಿ ಕೋಣೆಯ ಬಾಗಿಲಾಚೆ ಮಣೆ ಹಾಕಿಕೊಂಡು ಕುಳಿತು, ಒಳಗಿದ್ದವಳಿಗೆ ಬಿಡಿಸಿ ಹೇಳಿದರು.

"ನೋಡು ಮಗಳೇ, ನಾನು ಹೇಳಿದ್ದು ಮಾತು ಕಳಿಸೋ ಮಷೀನು. ಅದು ಬೇರೆ. ಇಲ್ಲಿರೋದು ಬರೀ ಕೇಳೋ ಪೆಟ್ಟಿಗೆ. ನಿಮ್ಮಪ್ಪನ ಮರದ ತಂತಿ ಮೀನು ಹಿಡಿಯೋ ಬಲೆ ಇದ್ದಂಗೆ. ಬಲೆ ಮೀನನ್ನ ಹುಟ್ಟಿಸೋದಿಲ್ಲ. ಬಲೆ ಹಾಕಿದ್ರೂ ಹಾಕದಿದ್ರೂ ಹೊಳೇಲಿ ಮೀನು ಇದ್ದೇ ಇರ್ತದೆ. ಅಲ್ವಾ?"

ಎಷ್ಟು ಚೆಂದ ಹೇಳಿದರು ಎಂದು ನಾನು ಕೈ ಮುಗಿಯಬೇಕೆಂದಿದ್ದೆ. ಒಳಗಿನಿಂದ ಅವಳ ದನಿ ಬಂತು.

"ಹಂಗಾದ್ರೆ ಈಗಲೂ ಆ ಅಲೆಗಳು ಇಲ್ಲಿ ಅವೆಯಾ ಮಾವ? ತಂತಿ ಇಲ್ದೇ ಇದ್ರೂ?"

"ಎಲ್ಲಾ ಕಡೆ ಇವೆ ಮಗಳೇ! ನಿನ್ನ ಅಡುಗೆಮನೇಲಿ, ಗದ್ದೇಲಿ, ಬಾಳೆಲೇಲಿ ನಿನ್ನ ಗಂಡನ ಆಫೀಸಲ್ಲಿ... ಸಣ್ಣ ಅಲೆ. ಏನೂ ಮಾಡಲ್ಲ."

ಕೊನೆಯ ಮಾತು ಅವಳ ಕಿವಿಗೆ ಬಿತ್ತೋ ಇಲ್ಲವೋ. "ಎಲ್ಲಾ ಕಡೆ" ಎಂದದ್ದು ಬಿತ್ತು. ಅಷ್ಟು ದಿನ ಅವಳಿಗೆ ಒಂದು ತಂತಿಯ ಭಯವಿತ್ತು, ಬಿಚ್ಚಿದರೆ ಹೋಗುವಂಥದ್ದು. ಈಗ ಮಗುವನ್ನು ಎತ್ತಿಕೊಂಡು ಓಡಿಹೋಗಲು ಒಂದು ಜಾಗವೂ ಉಳಿಯಲಿಲ್ಲ. ಆ ಅಲೆಗಳು ತಲೆಗೆ ಏನು ಮಾಡುತ್ತವೋ, ಮಾಡುವುದಿಲ್ಲವೋ, ನನಗೆ ಇವತ್ತಿಗೂ ತಿಳಿಯದು. ತಿಳಿದವರು ಹೇಳಲಿ. ಸುಬೇದಾರರು ಹೇಳಿದ್ದು ಸರಿಯಿರಬೇಕು. ಆದರೆ ಅವರು ಸರಿಯಾದದ್ದನ್ನು ಹೇಳಿಹೋದ ಮೇಲೆ ನನ್ನ ಮಗಳ ಕಣ್ಣು ಇನ್ನೂ ಗುಳಿ ಬಿತ್ತು.

ಅದಾದ ಸ್ವಲ್ಪ ದಿನಕ್ಕೆ ಒಂದು ಮಧ್ಯಾಹ್ನ ಮಗುವಿಗೆ ನೀರು ಹಾಕಿಸಲು ಎತ್ತಿಕೊಳ್ಳಲು ಹೋದೆ. ಮಗಳು ಗೋಡೆಗೊರಗಿ ಕುಳಿತಿದ್ದಳು, ಮಗು ತೊಡೆಯ ಮೇಲಿತ್ತು. ಅವಳ ಬಲಗೈ ಮಗುವಿನ ತಲೆಯ ಮೇಲಿತ್ತು. ನಾನು ಮಗುವಿನ ಕಂಕುಳಿಗೆ ಕೈ ಹಾಕಿದೆ. ಅವಳು ತನ್ನ ಕೈ ತೆಗೆಯಲಿಲ್ಲ. "ಬಿಡವ್ವ" ಎಂದೆ. ಆಗಲೂ ತೆಗೆಯಲಿಲ್ಲ. ಬಿಡಿಸಲು ಹೋದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಮಣಿಕಟ್ಟು ಊದಿತ್ತು. ಅಂಗೈಯೆಲ್ಲ ಹರಳೆಣ್ಣೆ, ಬೆವರಿನಲ್ಲಿ ನೆನೆದು ನೆನೆದು, ಬಹಳ ಹೊತ್ತು ಬಟ್ಟೆ ಒಗೆದವರ ಕೈಯ ಹಾಗೆ ಸುಕ್ಕಾಗಿತ್ತು.

"ಏನವ್ವ ಇದು?"

ಅವಳು ಬಾಗಿಲ ಕಡೆ ನೋಡಿದಳು. ಅತ್ತಿಗೆ ಹಿತ್ತಲಲ್ಲಿ ನೀರೊಲೆಗೆ ಸೌದೆ ತುಂಬುತ್ತಿದ್ದರು.

"ಎಲ್ಲಾರ ತಲೆಗೂ ಮೂಳೆ ಐತೆ," ಎಂದಳು. "ಇದರ ತಲೆ ತೆಗೆದಿಟ್ಟ ಬಾಗ್ಲು ಕಣವ್ವ. ಅದಕ್ಕೇ ಮುಚ್ಕೊಂಡಿರ್ತೀನಿ. ರಾತ್ರಿ ಒಂದೊಂದ್ಸಲ ಕಣ್ಣು ಎಳೀತದೆ, ಕೈ ಜಾರ್ತದೆ. ತೊಡೆ ಚಿವುಟ್ಕೊತೀನಿ." ಸೀರೆ ಸರಿಸಿ ತೋರಿಸಿದಳು. ತೊಡೆಯ ಉದ್ದಕ್ಕೂ ನೀಲಿ ಕಲೆಗಳು. "ನಾನು ಮಲ್ಕೊಂಡ್ರೆ ಯಾರು ಮುಚ್ತಾರೆ, ಹೇಳು?"

ಅಷ್ಟೂ ದಿನ ನಾವು ಅವಳ ನಿದ್ದೆಯನ್ನು ಯಾರು ಕದ್ದರು ಎಂದು ಹುಡುಕುತ್ತಿದ್ದೆವು. ಅವಳು ನಿದ್ದೆಯನ್ನು ತಾನೇ ಬಾಗಿಲಾಚೆ ನಿಲ್ಲಿಸಿ ಕಾವಲು ಕುಳಿತಿದ್ದಳು. ಹುಚ್ಚಿಯ ಹಾಗೆ ಅಲ್ಲ, ತಾಯಿಯ ಹಾಗೆ. ಇದೆಲ್ಲ ಸುಳ್ಳು ಭಯ ಕಣೆ ಎಂದು ಹೇಳಲು ಬಾಯಿ ತೆರೆದೆ. ಆ ಊದಿದ ಕೈ ನೋಡಿ ಮುಚ್ಚಿಕೊಂಡೆ. ಸುಬೇದಾರರು ಅಷ್ಟು ಚೆಂದ ಹೇಳಿಯೇ ಏನಾಯಿತೆಂದು ನೋಡಿದ್ದೆನಲ್ಲ.

"ಕೊಡಿಲ್ಲಿ," ಎಂದೆ. "ನಂದು ನಿನಗಿಂತ ದೊಡ್ಡ ಕೈ. ಭತ್ತ ಕುಟ್ಟಿದ್ದು, ದಪ್ಪ ಚರ್ಮ. ನಾನು ಮುಚ್ಕೊಂಡು ಕೂರ್ತೀನಿ. ನೀನು ಮಲ್ಕೊ."

"ಕೈ ಎತ್ತಲ್ಲ ತಾನೆ?"

"ಎತ್ತಲ್ಲ."

"ಮೂಗು ತುರ್ಸಿದ್ರೆ?"

"ಎಡಗೈ ಏನು ಸುಂಕ ಕಟ್ಟೋಕೆ ಹೋಗಿರ್ತದಾ?"

ಎಷ್ಟೋ ದಿನದ ಮೇಲೆ ಅವಳ ತುಟಿಯ ತುದಿ ಅಲುಗಿತು. ನಾನು ಗೋಡೆಗೆ ಒರಗಿ ಕುಳಿತು ಮಗುವನ್ನು ತೊಡೆಗೆ ಹಾಕಿಕೊಂಡೆ. ಮೊದಲು ಅವಳ ಕೈಯ ಮೇಲೆ ನನ್ನ ಕೈಯಿಟ್ಟೆ. ಅವಳು ನಿಧಾನವಾಗಿ ಕೆಳಗಿನಿಂದ ತನ್ನದನ್ನು ಎಳೆದುಕೊಂಡಳು, ನಡುವೆ ಒಂದು ಕೂದಲೆಳೆಯಷ್ಟೂ ಸಂದು ಬೀಳದ ಹಾಗೆ. ನನ್ನ ಪಕ್ಕದಲ್ಲೇ ಮುದುರಿಕೊಂಡಳು.

ಅಷ್ಟರಲ್ಲಿ ಅತ್ತಿಗೆ ಬಂದರು.

"ನೀರು ಕಾದು... ಏನೇ ಇದು! ಹಗಲಲ್ಲಿ ಬಾಣಂತಿ ಮಲಗೋದಾ? ಏಳೇ! ಎಬ್ಬಿಸೇ ಅವಳನ್ನ!"

"ಎಬ್ಬಿಸಲ್ಲ ಅತ್ತಿಗೆ," ಎಂದೆ.

ಅವರು ನನ್ನನ್ನು ನೋಡಿದರು, ಮನೆಯ ಕಂಬ ಮಾತಾಡಿದ ಹಾಗೆ.

"ನಂಜಾಗ್ತದೆ ಕಣೆ."

"ಆಗ್ಲಿ. ನಿದ್ದೆ ಇಲ್ದೇ ಹೋದ್ರೆ ತಲೆ ಹೋಯ್ತದೆ. ನಂಜಿಗೆ ನಿಮ್ಮ ಹತ್ರ ಔಷಧಿ ಐತೆ. ತಲೆಗೆ ಯಾರ ಹತ್ರ ಐತೆ?"

ಬೈಯುತ್ತಾರೆ ಎಂದುಕೊಂಡೆ. ಅವರು ಬೈಯಲಿಲ್ಲ. ಹೊಸ್ತಿಲ ಮೇಲೆಯೇ ಕುಸಿದು ಕುಳಿತರು. ಸೌದೆಯ ಮಸಿ ಹತ್ತಿದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಹೇಳಿದರು: "ನನ್ನ ತಂಗಿ ಹಿಂಗೇ ಮಧ್ಯಾಹ್ನ ಮಲ್ಕೊಂಡಿದ್ಲು. ಹಸಿ ಬಾಣಂತಿ. ನಾನೇ, ಪಾಪ ಅಂತ, ಚಾಪೆ ಹಾಸಿಕೊಟ್ಟಿದ್ದು. ಏಳಲೇ ಇಲ್ಲ."

ಆ ನಾದಿನಿ ನಾನು ಮದುವೆಯಾಗಿ ಬರುವ ಮುಂಚೆಯೇ ತೀರಿಕೊಂಡಿದ್ದಳೆಂದು ಗೊತ್ತಿತ್ತು. ಹೇಗೆ ಎಂದು ಯಾರೂ ಹೇಳಿರಲಿಲ್ಲ. ಅತ್ತಿಗೆಯ ಮೊಣಕೈಯ ತಿವಿತಗಳೆಲ್ಲ ನನಗೆ ಆಗ ಅರ್ಥವಾದವು. ಇವರೂ ಕಾವಲು ಕುಳಿತವರೇ. ಅವರಿಗೂ ಇದೆಲ್ಲ ಸುಳ್ಳು ಎಂದು ನಾನು ಹೇಳಲಿಲ್ಲ. ಹೇಳಲು ನನಗೇನು ಗೊತ್ತು?

"ಹಂಗಾದ್ರೆ ನೀವೂ ಬನ್ನಿ," ಎಂದೆ. "ಅವಳ ಪಕ್ಕ ಕೂತ್ಕೊಂಡು ಉಸಿರು ನೋಡ್ತಿರಿ. ಒಂಚೂರು ಹೆಚ್ಚುಕಮ್ಮಿ ಆದ್ರೂ ಎಬ್ಬಿಸಿ. ನಾನು ಬೇಡ ಅನ್ನಲ್ಲ."

ಅವರು ಕೈ ತೊಳೆದುಕೊಂಡು ಬಂದರು. ಮಗಳ ತಲೆಯ ಬಳಿ ಕುಳಿತು, ಬೆರಳನ್ನು ಅವಳ ಮೂಗಿನ ಕೆಳಗೆ ಹಿಡಿದರು. ಮಗಳು ಅಷ್ಟು ಹೊತ್ತಿಗೆ ನಿದ್ದೆಯೊಳಗೆ ಬಿದ್ದೇ ಹೋಗಿದ್ದಳು. ಕಲ್ಲು ಹೊಳೆಗೆ ಬಿದ್ದ ಹಾಗೆ. ಬಾಯಿ ಸ್ವಲ್ಪ ತೆರೆದಿತ್ತು. ಸಣ್ಣವಳಿದ್ದಾಗ ಹಾಗೆಯೇ ಮಲಗುತ್ತಿದ್ದಳು.

"ಐತೆ," ಎಂದರು ಅತ್ತಿಗೆ.

"ಏನು?"

"ಉಸಿರು."

ಸ್ವಲ್ಪ ಹೊತ್ತಿಗೆ ಮತ್ತೆ, "ಐತೆ ಕಣೆ." ಹೀಗೆ ಹೇಳುತ್ತಲೇ ಇದ್ದರು, ನಾನು ಕೇಳದಿದ್ದರೂ.

ಹಿತ್ತಲಲ್ಲಿ ಕಾದ ನೀರು ಆರಿಹೋಯಿತು. ಒಲೆಗೆ ಯಾರೂ ಸೌದೆ ತಳ್ಳಲಿಲ್ಲ. ಮನೆಯವರು ಗದ್ದೆಯಿಂದ ಬಂದು, "ಊಟ ಏನಾಯ್ತೇ?" ಎಂದು ಬಾಗಿಲಲ್ಲಿ ಕೂಗುವಷ್ಟರಲ್ಲಿ ನಾವಿಬ್ಬರೂ ಒಟ್ಟಿಗೆ "ಶ್!" ಎಂದೆವು. ಅವರು ಒಂದು ಕಾಲನ್ನು ಎತ್ತಿದಲ್ಲೇ ನಿಂತರು. ನನ್ನ ಕೈ ನೋಡಿದರು, ಅವರ ಅಕ್ಕನ ಬೆರಳು ನೋಡಿದರು, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೋದರು. ಆಮೇಲೆ ಅಡುಗೆಮನೆಯಲ್ಲಿ ಅವರೇ ಹಿಟ್ಟು ತೊಳಸುವ ಸದ್ದು ಕೇಳಿಸಿತು. ಅವರ ಮುದ್ದೆ ಎಂದರೆ ಗಂಟುಗಂಟು, ಆದರೂ ಅವತ್ತು ನಗು ಬರಲಿಲ್ಲ, ಕಣ್ಣು ತುಂಬಿಬಂತು.

ನನ್ನ ಅಂಗೈ ಕೆಳಗೆ ಆ ಮೆತ್ತನೆಯ ಜಾಗ ಪುಟುಪುಟು ಎನ್ನುತ್ತಿತ್ತು. ಮಕ್ಕಳನ್ನು ಹೆತ್ತವಳು ನಾನು, ಎಷ್ಟೋ ನೆತ್ತಿಗೆ ಎಣ್ಣೆ ಹಾಕಿದ್ದೇನೆ. ಆದರೆ ಅಷ್ಟು ಹೊತ್ತು ಕೈಯಿಟ್ಟು ಕುಳಿತದ್ದು ಅದೇ ಮೊದಲು. ಕೈ ಜೋಮು ಹಿಡಿಯಿತು, ಬೆನ್ನು ಸಿಡಿಯಿತು. ಎದೆಯೊಳಗೆ ಮಾತ್ರ ಏನೋ ಉಕ್ಕಿ ಉಕ್ಕಿ ಬರುತ್ತಿತ್ತು, ಹಾಲು ಒಲೆಯ ಮೇಲೆ ಉಕ್ಕುವ ಹಾಗೆ. ಊರಿಗೆಲ್ಲ ಕೂಗಿ ಹೇಳಬೇಕೆನ್ನಿಸಿತು. ಕೂಗುವ ಹಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ದೀಪ ಹಚ್ಚಲು ಯಾರು ಏಳಬೇಕು? ಕತ್ತಲಾಗುತ್ತಿದ್ದ ಕೋಣೆಯಲ್ಲಿ ಮಗಳು ಕಣ್ಣು ಬಿಟ್ಟಳು. ತಲೆ ಹೊರಳಿಸಿ ಮೊದಲು ನೋಡಿದ್ದು ನನ್ನ ಕೈಯನ್ನು.

ಅದು ಇದ್ದಲ್ಲೇ ಇತ್ತು.

ಅವಳು ಆ ಕಡೆಗೆ ಮಗ್ಗುಲಾಗಿ, ಸೆರಗು ಎಳೆದುಕೊಂಡು, ಮತ್ತೆ ಮಲಗಿದಳು. ಅತ್ತಿಗೆ ಬಗ್ಗಿ ಮೂಗಿನ ಬಳಿ ಬೆರಳು ಹಿಡಿದು, ನನಗೆ ಮಾತ್ರ ಕೇಳುವ ಹಾಗೆ ಹೇಳಿದರು, "ಗೊರಕೆ ಹೊಡೀತಾವ್ಳೆ ಕಣೆ, ಮುಂಡೇದು."